ಕಂದಾಚಾರದ ಕಾಲಾಳು, ಕಾಲೇಜಿನ ಕೆಡೆಟ್

ತರಗತಿಯಲ್ಲಿ ಒಂದು ದಿನ ‘ಕಂದಾಚಾರ’ ಎಂಬ ಮಾತು ಬಂದಿತು. ಅರ್ಥವೇನೆಂದು ಕೇಳಿದೆ. ‘ಮೂಢನಂಬಿಕೆ ಸಾರ್’, ‘ಕುರುಡು ಸಂಪ್ರದಾಯ ಸಾರ್’ ಎಂದು ನಾಲ್ಕು ಕಡೆಯಿಂದ ಉತ್ತರ ಬಂದವು. ಇಂದಿನ ಬಳಕೆಯಲ್ಲಿ ಅದು ಸರಿಯಾದ ಉತ್ತರವೇ. ಆದರೆ ನಮ್ಮ ಹಳೆಯ ಮೈಸೂರು ಸೀಮೆಯ ಆಡಳಿತದಲ್ಲಿ ಇದೇ ಮಾತಿಗೆ ಬೇರೊಂದು ಅರ್ಥವಿದ್ದಿತು. ಊರಿನಲ್ಲಿ ನೇಗಿಲು ಹೂಡಿ ಬಾಳುತ್ತ, ಅರಸನ ಕರೆ ಬಂದಾಗ ಕತ್ತಿಯನ್ನೋ ಕೋವಿಯನ್ನೋ ಹೆಗಲಿಗೇರಿಸಿ ಹೊರಡುತ್ತಿದ್ದ ಅರೆಕಾಲದ ಸಿಪಾಯಿಗಳ ಇಲಾಖೆಗೆ ಆಗ ಕಂದಾಚಾರವೆಂದು ಹೆಸರು. ಇದನ್ನು ವಿವರಿಸುವಾಗ ಮುಂದಿನ ಬೆಂಚಿನಲ್ಲಿ ಎನ್.ಸಿ.ಸಿ. ಸಮವಸ್ತ್ರದಲ್ಲಿ ಕುಳಿತಿದ್ದ ಹುಡುಗನನ್ನು ತೋರಿಸಿ, ‘ನೋಡಿ, ನಮ್ಮ ತರಗತಿಯ ಕಂದಾಚಾರದವನು ಇವನೇ’ ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ.

ಗಂಟೆ ಹೊಡೆದ ಮೇಲೆ ಅವನು ಬಾಗಿಲ ಬಳಿ ನಿಂತಿದ್ದ. ‘ಸಾ, ಆ ಕಂದಾಚಾರದವರಿಗೆ ಏನು ಕೊಡ್ತಿದ್ರು?’ ಎಂದು ಕೇಳಿದ.

ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಇದು. ಹುಡುಗ ತೆರಕಣಾಂಬಿಯ ಕಡೆಯವನು. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಇರುವ ಆ ಊರಿನ ತರಕಾರಿ ಮಾರುಕಟ್ಟೆಯಿಂದ ಕೇರಳದ ಕಡೆಗೆ ಲಾರಿಗಳು ಹೋಗುತ್ತವೆ. ಸಂಜೆ ಅಲ್ಲಿ ಮೂಟೆ ಹೊತ್ತು, ಬೆಳಿಗ್ಗೆ ಮೊದಲ ಬಸ್ಸಿಗೆ ಕಾಲೇಜಿಗೆ ಬಂದು, ವಾರದಲ್ಲಿ ಗೊತ್ತಾದ ದಿನಗಳಲ್ಲಿ ಮೈದಾನದಲ್ಲಿ ಕವಾಯತು ಮಾಡಿ, ಆಮೇಲೆ ಪಾಠಕ್ಕೆ ಕೂರುವವನು. ಎನ್.ಸಿ.ಸಿ.ಗೆ ಏಕೆ ಸೇರಿದೆಯಪ್ಪಾ ಎಂದು ಹಿಂದೊಮ್ಮೆ ಕೇಳಿದ್ದೆ. ದೇಶಸೇವೆ, ಶಿಸ್ತು ಎಂದೆಲ್ಲ ಹೇಳುತ್ತಾನೆಂದು ಎಣಿಸಿದ್ದೆ. ‘ಪೆರೇಡ್ ದಿನ ತಿಂಡಿ ಕೊಡ್ತಾರ ಸಾ. ಅವತ್ತು ಮನೇಲಿ ನನ್ ಪಾಲು ತಮ್ಮನಿಗಾಯ್ತದ’ ಎಂದಿದ್ದ. ಅಂಥವನು ಕೇಳಿದ ಪ್ರಶ್ನೆ ಇದು. ಉತ್ತರ ಹೇಳಬೇಕಾದರೆ ಕೊಂಚ ದೂರದ ಚರಿತ್ರೆಗೆ ಹೋಗಬೇಕು.

ಓದು ಮತ್ತು ಆಯುಧ ಎರಡನ್ನೂ ಒಬ್ಬನೇ ಹಿಡಿಯುವ ಮಾತು ಬಂದಾಗ ಕನ್ನಡಿಗರಿಗೆ ಮೊದಲು ನೆನಪಾಗಬೇಕಾದವನು ಮಯೂರಶರ್ಮ. ತಾಳಗುಂದದ ಸ್ತಂಭಶಾಸನ ಅವನ ಕಥೆಯನ್ನು ಹೇಳುತ್ತದೆ. ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದ ವಿದ್ಯಾರ್ಥಿ ಅವನು. ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಯಿತು, ಅವಮಾನವಾಯಿತು, ದರ್ಭೆ ಸಮಿತ್ತುಗಳನ್ನು ಹಿಡಿದು ಪಳಗಿದ ಕೈ ಕತ್ತಿಯನ್ನು ಹಿರಿಯಿತು. 4ನೆಯ ಶತಮಾನದಲ್ಲಿ ಕದಂಬ ರಾಜ್ಯ ಹುಟ್ಟಿದ್ದು ಹೀಗೆ. ನಾವು ಇದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಮೇಷ್ಟರ ಕಣ್ಣಿನಿಂದ ನೋಡಿದರೆ, ಓದನ್ನು ಅರ್ಧಕ್ಕೆ ಬಿಟ್ಟ ಹುಡುಗನ ಕಥೆಯೂ ಇದೇ. ಒಂದು ಕೈ ಕತ್ತಿ ಹಿಡಿಯಬೇಕಾದರೆ ಇನ್ನೊಂದು ಕೈ ಓಲೆಗರಿಯನ್ನು ಕೆಳಗಿಡಬೇಕಾಯಿತು.

ಇನ್ನೊಂದು ಮಾದರಿ ಗಂಗರ ಕಾಲದ್ದು. ಚಾವುಂಡರಾಯ ದಂಡನಾಯಕ, ಯುದ್ಧಗಳನ್ನು ಗೆದ್ದವನು, ಜೊತೆಗೆ 978ರಲ್ಲಿ ಗದ್ಯದಲ್ಲಿ ಪುರಾಣ ಬರೆದವನು. ಅವನ ಕಾಲದಲ್ಲಿ ಉತ್ತರದ ಮುಧೋಳದಿಂದ ಬಳೆಗಾರರ ಮನೆಯ ಹುಡುಗನೊಬ್ಬ ವಿದ್ಯೆಯನ್ನು ಹುಡುಕಿಕೊಂಡು ದಕ್ಷಿಣಕ್ಕೆ ಬಂದ. ಅಜಿತಸೇನಾಚಾರ್ಯರಲ್ಲಿ ಕಲಿತ. ಚಾವುಂಡರಾಯನೂ ದಾನಚಿಂತಾಮಣಿ ಅತ್ತಿಮಬ್ಬೆಯೂ ಅವನಿಗೆ ಆಸರೆಯಾದರು. ಆ ಹುಡುಗನೇ ಕವಿಚಕ್ರವರ್ತಿ ರನ್ನ. ಅವನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ವಿದ್ಯಾರ್ಥಿವೇತನದ ಋಣವನ್ನು ಇಷ್ಟು ಸುಂದರವಾಗಿ ತೀರಿಸಿದವರು ಕಡಮೆ. ಇಲ್ಲಿ ಸೈನಿಕ ಒಬ್ಬ, ವಿದ್ಯಾರ್ಥಿ ಇನ್ನೊಬ್ಬ. ಕತ್ತಿ ಗಳಿಸಿದ್ದನ್ನು ಓಲೆಗರಿಗೆ ಕೊಟ್ಟಿತು. ಓಲೆಗರಿ ಕತ್ತಿಯನ್ನು ಹಿಡಿಯಬೇಕಾಗಲಿಲ್ಲ.

ಈಗ ನಮ್ಮ ಸೀಮೆಗೇ ಬರೋಣ. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವಾಗ ಹಂಗಳವೆಂಬ ಊರು ಸಿಕ್ಕುತ್ತದೆ. ಪ್ರವಾಸಿಗರ ಕಾರುಗಳು ಅದನ್ನು ಗಮನಿಸದೆ ದಾಟುತ್ತವೆ. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಒಂದು ಬಗೆಯ ಸೆರೆಯಲ್ಲಿ ದಿನ ಕಳೆದದ್ದು ಈ ಹಂಗಳದಲ್ಲಿ. ಅಲ್ಲಿ ಅವರಿಗೆ ಸಂಗಾತಿಯಾಗಿದ್ದವರು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು. 1673ರಲ್ಲಿ ದೊರೆಯಾದಾಗ ಆ ಪಂಡಿತರೇ ಮಂತ್ರಿಯಾದರು. ಗುಂಡ್ಲುಪೇಟೆಗೆ ಆಗ ವಿಜಯಪುರವೆಂಬ ಹೆಸರೂ ಇದ್ದಿತು. ತಂದೆಯ ನೆನಪಿಗೆ ಅಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿ, ಅಗ್ರಹಾರವನ್ನು ಮಾಡಿ, ವಿದ್ವಾಂಸರಿಗೆ ವೃತ್ತಿಗಳನ್ನು ಹಾಕಿಸಿಕೊಟ್ಟವರು ಚಿಕ್ಕದೇವರಾಜರೇ. ಅವರ ಆಳ್ವಿಕೆಯಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯರಂಥ ಪಂಡಿತರಿಗೂ, ಅರಮನೆಯ ಸಂಚಿಯ ಊಳಿಗದ ಹೊನ್ನಮ್ಮನಿಗೂ ಬರೆಯಲು ಎಡೆ ಸಿಕ್ಕಿತು.

ಅದೇ ದೊರೆ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಅಠಾರ ಕಚೇರಿಯೆಂದು ಪ್ರಸಿದ್ಧವಾದದ್ದು ಅದು. ಅದರಲ್ಲಿ ಕಂದಾಚಾರದ ಚಾವಡಿಯೂ ಒಂದು. ಮುಂದೆ 1799ರ ನಂತರ ದಿವಾನ್ ಪೂರ್ಣಯ್ಯನವರು ರಾಜ್ಯವನ್ನು ಹೊಸದಾಗಿ ಕಟ್ಟುವಾಗಲೂ ಕಂದಾಚಾರವನ್ನು ಬಿಡಲಿಲ್ಲ. ಅದನ್ನು ಊರಕಾವಲಿಗೆ, ಕೋಟೆಯ ಪಹರೆಗೆ ಒಗ್ಗಿಸಿದರು. ಇವರ ಸಂಬಳದ ಒಂದು ಭಾಗ ನಗದು. ಇನ್ನೊಂದು ಭಾಗ ಭೂಮಿ. ಕೆಲಸವಿಲ್ಲದ ತಿಂಗಳುಗಳಲ್ಲಿ ಕಂದಾಚಾರದವನು ತನ್ನ ಊರಿನಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತಿದ್ದ. ಅರೆಕಾಲದ ಸೇವೆಗೆ ಪೂರ್ಣಕಾಲದ ಆಧಾರ!

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಒಬ್ಬನೇ ದೊರೆ, ಅವನಿಗೆ ಎರಡು ಥೈಲಿಗಳು. ಅಗ್ರಹಾರದ ವೃತ್ತಿ ವಿದ್ಯೆಗೆ; ಕಂದಾಚಾರದ ಭೂಮಿ ಆಯುಧಕ್ಕೆ. ಎರಡೂ ಉದಾರವಾಗಿದ್ದುವು. ಆದರೆ ಅಗ್ರಹಾರದ ಹುಡುಗ ಕೋವಿ ಹಿಡಿಯುತ್ತಿರಲಿಲ್ಲ. ಕಂದಾಚಾರದವನ ಮಗ ಅಗ್ರಹಾರದ ಜಗುಲಿಯನ್ನು ಹತ್ತುವಂತಿರಲಿಲ್ಲ. ಹುಟ್ಟು ಇಬ್ಬರನ್ನೂ ಬೇರೆಬೇರೆ ಸಾಲಿನಲ್ಲಿ ನಿಲ್ಲಿಸಿತ್ತು. ಓದುವ ಹಕ್ಕೂ ಕಾದುವ ಕರ್ತವ್ಯವೂ ಒಬ್ಬನೇ ಬಡಹುಡುಗನ ಪಾಲಿಗೆ ಬರಲು ಇನ್ನೂ ಎರಡು ಶತಮಾನ ಕಳೆಯಬೇಕಾಯಿತು.

ಅರಿಕುಠಾರವೆಂಬ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದರು. 1826ರಲ್ಲಿ ಚಾಮರಾಜೇಶ್ವರನ ದೇವಾಲಯ ಎದ್ದಿತು. ಆದರೆ ಕಾಲೇಜಿನ ಓದು ಬೇಕೆಂದರೆ ಈ ಎರಡು ಊರುಗಳ ಮಕ್ಕಳು ಬಹುಕಾಲ ಮೈಸೂರಿನ ದಾರಿಯನ್ನೇ ಹಿಡಿಯಬೇಕಾಗಿತ್ತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ವಿದ್ಯೆ ಹತ್ತಿರಕ್ಕೆ ಬಂದಿತು. ಊಟ ಮಾತ್ರ ದೂರವೇ ಉಳಿಯಿತು. ಮೈಸೂರಿನಲ್ಲಿ ಬಡ ಬ್ರಾಹ್ಮಣ ಹುಡುಗರು ವಾರಾನ್ನದಲ್ಲಿ ಓದಿದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ‘ತಾತಯ್ಯ’ ಎಂದು ಊರೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ದಿಕ್ಕಿಲ್ಲದ ವಿದ್ಯಾರ್ಥಿಗಳಿಗಾಗಿ ಅನಾಥಾಲಯವನ್ನು ನಡೆಸಿದರು. ವಾರಾನ್ನದ ಬಾಗಿಲು ತೆರೆಯದ ಜಾತಿಗಳ ಮಕ್ಕಳಿಗೆ ಹಾಸ್ಟೆಲುಗಳೇ ಗತಿ. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರ ಓದಿಗೆ ಸರ್ಕಾರದ ನೆರವು ಬೇಕೆಂದು ಹೇಳಿತು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲುಗಳನ್ನು ವಿಸ್ತರಿಸಿತು. ನಮ್ಮ ಸೀಮೆಯ ಎಷ್ಟು ಮನೆಗಳಲ್ಲಿ ಮೊದಲ ಪದವೀಧರ ಹುಟ್ಟಿದ್ದು ಇಂಥ ಅನ್ನದಿಂದಲೇ! ಅನ್ನ ಕೊಟ್ಟದ್ದು ಮಠ, ಜಾತಿಯ ಸಂಘ, ಸಮಾಜ ಕಲ್ಯಾಣ ಇಲಾಖೆ. ದಂಡು ಅಲ್ಲ.

ದಂಡು ಕಾಲೇಜಿನ ಒಳಕ್ಕೆ ಬಂದದ್ದು ಮೊದಲ ಮಹಾಯುದ್ಧದ ಕೊರತೆಯಿಂದ. 1917ರಲ್ಲಿ ಬ್ರಿಟಿಷ್ ಸರ್ಕಾರ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿ ದಳಗಳನ್ನು ತೆರೆಯಿತು. ಕಲ್ಕತ್ತೆಯ ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ ಓದುತ್ತಿದ್ದ ಸುಭಾಷಚಂದ್ರ ಬೋಸರು ಅಂಥ ದಳವನ್ನು ಸೇರಿದ್ದರು. ದೃಷ್ಟಿದೋಷದಿಂದ ಹಿಂದೊಮ್ಮೆ ಸೈನ್ಯಕ್ಕೆ ಬೇಡವಾಗಿದ್ದ ತರುಣ, ಶಿಬಿರದ ದಿನಗಳನ್ನು ತಮ್ಮ ಆತ್ಮಕಥೆಯಲ್ಲಿ ಸಂತೋಷದಿಂದಲೇ ನೆನೆದಿದ್ದಾರೆ. 1920ರ ಪ್ರಾದೇಶಿಕ ಪಡೆಯ ಕಾಯಿದೆಯ ನಂತರ ಈ ದಳಗಳು ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಆದವು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಪಂಡಿತ ಹೃದಯನಾಥ ಕುಂಜ್ರೂ ಅವರ ಸಮಿತಿ ಈ ವಿಷಯವನ್ನು ಹೊಸದಾಗಿ ವಿಚಾರಿಸಿತು. ಅದರ ಫಲವಾಗಿ 1948ರಲ್ಲಿ ಎನ್.ಸಿ.ಸಿ. ಬಂದಿತು. ಮರು ವರ್ಷವೇ ಹೆಣ್ಣುಮಕ್ಕಳ ವಿಭಾಗ. 1962ರಲ್ಲಿ ಚೀಣೀಯರ ಆಕ್ರಮಣವಾಯಿತು. 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಕಡ್ಡಾಯವಾಯಿತು. 1965ರ ಯುದ್ಧದಲ್ಲಿ ಕೆಡೆಟ್ಟುಗಳು ಎರಡನೆಯ ಸಾಲಿನ ರಕ್ಷಕರಾಗಿ ಯುದ್ಧಸಾಮಗ್ರಿಯ ಸಾಗಣೆಯಲ್ಲಿ, ಊರುಕಾವಲಿನಲ್ಲಿ ದುಡಿದರು. 1968ರಲ್ಲಿ ಕಡ್ಡಾಯ ಹೋಗಿ ಮತ್ತೆ ಇಷ್ಟಪಟ್ಟವರಿಗೆ ಮಾತ್ರವೆಂದಾಯಿತು. ಆ ಐದು ವರ್ಷಗಳಲ್ಲಿ ಓದಿದ ನಮ್ಮ ಹಿರಿಯರು ಇಂದಿಗೂ ‘ಲೆಫ್ಟ್ ರೈಟ್’ ಎಂದರೆ ಮುಗುಳ್ನಗುತ್ತಾರೆ: ಕೆಲವರು ಅಭಿಮಾನದಿಂದ, ಕೆಲವರು ಆ ದಪ್ಪ ಬೂಟುಗಳ ನೆನಪಿನಿಂದ.

ಅಂತೂ ಚಿಕ್ಕದೇವರಾಜರ ಕಾಲದಲ್ಲಿ ಬೇರೆಯಾಗಿದ್ದ ಎರಡು ಸಾಲುಗಳು ಎನ್.ಸಿ.ಸಿ.ಯಲ್ಲಿ ಒಂದಾದುವು. ಒಂದೇ ಹುಡುಗ, ಒಂದೇ ದಿನ, ಬೆಳಿಗ್ಗೆ ಬಂದೂಕು, ಮಧ್ಯಾಹ್ನ ಪಂಪ. ಯಾವ ಜಾತಿಯವನೂ ಆಗಬಹುದು, ಹುಡುಗಿಯೂ ಆಗಬಹುದು. ಚರಿತ್ರೆಯಲ್ಲಿ ಇದು ಚಿಕ್ಕ ಸಂಗತಿಯಲ್ಲ. ಆದರೆ ಸಾಲುಗಳು ಕೂಡಿದರೂ ಥೈಲಿಗಳು ಕೂಡಲಿಲ್ಲ. ಕೆಡೆಟ್ ಸೈನಿಕನಲ್ಲ, ಅವನಿಗೆ ಸಂಬಳವಿಲ್ಲ. ಸಮವಸ್ತ್ರ, ಕವಾಯತಿನ ದಿನ ಉಪಾಹಾರ, ಬಟ್ಟೆ ಒಗೆದು ಬೂಟು ಹೊಳೆಯಿಸಲು ಅಲ್ಪ ಭತ್ಯೆ, ಶಿಬಿರದಲ್ಲಿ ಊಟ: ಇಷ್ಟು ಸರ್ಕಾರದ್ದು. ಕೆಲವರಿಗೆ ಕೆಡೆಟ್ಟುಗಳ ಕ್ಷೇಮಾಭಿವೃದ್ಧಿ ಸಂಸ್ಥೆಯ ವಿದ್ಯಾರ್ಥಿವೇತನವುಂಟು. ಮೂರು ವರ್ಷ ಮುಗಿಸಿ ‘ಸಿ’ ಸರ್ಟಿಫಿಕೇಟು ಪಡೆದ ಪದವೀಧರನಿಗೆ ಸೇನೆಯ ಅಧಿಕಾರಿಯಾಗಲು ಲಿಖಿತ ಪರೀಕ್ಷೆಯಿಲ್ಲದೆ ನೇರ ಸಂದರ್ಶನದ ದಾರಿಯಿದೆ. ವೃತ್ತಿಶಿಕ್ಷಣದ ಸೀಟುಗಳಲ್ಲಿ ಒಂದಷ್ಟು ಮೀಸಲೂ ಇದೆ. ಇವೆಲ್ಲ ಮುಂದೆ ಸಿಕ್ಕುವ ಫಲಗಳು. ಈ ವರ್ಷದ ಫೀಜು ಮಾತ್ರ ಅಪ್ಪನ ಅರಿಶಿನದ ಬೆಳೆಯನ್ನೇ ನೋಡುತ್ತದೆ.

ಅರೆಕಾಲದ ಸೈನಿಕನೆಂದೇ ಕಾನೂನು ಒಪ್ಪುವವನು ಪ್ರಾದೇಶಿಕ ಸೇನೆಯವನು. ಸ್ವತಂತ್ರ ಭಾರತದಲ್ಲಿ ಆ ಸೇನೆಯನ್ನು 1949ರ ಅಕ್ಟೋಬರ್ 9ರಂದು ರಾಜಾಜಿಯವರು ಉದ್ಘಾಟಿಸಿದರು. ಅದರ ಮೂಲತತ್ತ್ವವೇ, ಸೈನಿಕನಿಗೆ ಬೇರೆ ಉದ್ಯೋಗವಿರಬೇಕು, ಇದು ಅವನ ಹೊಟ್ಟೆಪಾಡಾಗಬಾರದು ಎಂಬುದು. ಹಾಗಾಗಿ ಓದಿಗೆ ಹಣವಿಲ್ಲದ ವಿದ್ಯಾರ್ಥಿಗೆ ಅದು ದಾರಿಯಲ್ಲ. ಆದರೆ ಅದರ ಕಾಯಿದೆಯಲ್ಲಿ ಒಂದು ಒಳ್ಳೆಯ ನಿಯಮವುಂಟು: ಕರೆಗೆ ಓಗೊಟ್ಟು ಹೋದವನು ಮರಳಿ ಬಂದಾಗ ಅವನ ಹಳೆಯ ಕೆಲಸಕ್ಕೆ ಧಣಿ ಮತ್ತೆ ಸೇರಿಸಿಕೊಳ್ಳಬೇಕು. ದೇಶದ ಕೆಲಸಕ್ಕೆ ಹೋದುದರಿಂದ ಯಾರೂ ತಮ್ಮ ಕೆಲಸ ಕಳೆದುಕೊಳ್ಳಬಾರದು ಎಂಬ ನ್ಯಾಯ ಅದು.

ಹೊರದೇಶಗಳು ಈ ಎರಡು ಥೈಲಿಗಳನ್ನು ಕೂಡಿಸಿ ನೋಡಿವೆ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗಾಗಿ ಅಮೆರಿಕ 1944ರಲ್ಲಿ ಮಾಡಿದ ಜಿ.ಐ. ಬಿಲ್ ಎಂಬ ಕಾನೂನಿನಿಂದ ಸುಮಾರು 22 ಲಕ್ಷ ಮಂದಿ ಕಾಲೇಜು ಓದಿದರು. ರೈತರ, ಗಣಿ ಕೂಲಿಗಾರರ ಮಕ್ಕಳು ಎಂಜಿನಿಯರರಾದರು, ಮೇಷ್ಟರಾದರು. ಮುಂದೆ ಅಲ್ಲಿ ಅರೆಕಾಲದ ಸೈನಿಕರಿಗೂ ಈ ಸೌಲಭ್ಯ ವಿಸ್ತರಿಸಿತು. ತಿಂಗಳಿಗೆ ಒಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತರಬೇತು. ಆರು ವರ್ಷ ಸೇವೆಯ ಕರಾರು. ಪ್ರತಿಯಾಗಿ ಓದುವಾಗ ತಿಂಗಳ ಧನಸಹಾಯ. ನಮ್ಮಲ್ಲಿ 2022ರ ಅಗ್ನಿಪಥ ಯೋಜನೆ ಕ್ರಮವನ್ನು ತಿರುಗಿಸಿತು. ಮೊದಲು ನಾಲ್ಕು ವರ್ಷ ಪೂರ್ಣಕಾಲದ ಸೇವೆ. ಕೊನೆಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಯುವ ಅವಕಾಶ. ಸೇವೆಯ ತರಬೇತನ್ನೇ ಅರ್ಧ ಪದವಿಗೆ ಲೆಕ್ಕ ಹಿಡಿದು, ಉಳಿದ ಅರ್ಧವನ್ನು ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದಬಹುದೆಂಬ ಏರ್ಪಾಡನ್ನೂ ಮಾಡಿದರು.

ಹಾಗಾದರೆ ನಮ್ಮ ಕೆಡೆಟ್ಟಿಗೂ ಬಂದೂಕಿಗೆ ಪ್ರತಿಯಾಗಿ ಫೀಜು ಕೊಟ್ಟುಬಿಡೋಣವೇ? ಮೇಲ್ನೋಟಕ್ಕೆ ನ್ಯಾಯವೆನಿಸುವ ಮಾತು. ನನಗೆ ಅದರಲ್ಲಿ ಅಳುಕುಂಟು. ಫೀಜಿನ ರಸೀತಿಯನ್ನು ಬಂದೂಕಿಗೆ ಕಟ್ಟಿದರೆ, ಇದ್ದವರ ಮಕ್ಕಳು ಪುಸ್ತಕ ಹಿಡಿದು ನೆಟ್ಟಗೆ ತರಗತಿಗೆ ಹೋಗುತ್ತಾರೆ. ಇಲ್ಲದವರ ಮಕ್ಕಳು ಮಾತ್ರ ಮೈದಾನವನ್ನು ಸುತ್ತಿಕೊಂಡು ಬರುತ್ತಾರೆ. ಹುಟ್ಟು ಬೇರ್ಪಡಿಸಿದ್ದ ಸಾಲುಗಳನ್ನು ಈಗ ಹಣ ಬೇರ್ಪಡಿಸಿದಂತಾಗುತ್ತದೆ. ಓದು ಬಡವನಿಗೆ ಬಂದೂಕಿನ ಹಂಗಿಲ್ಲದೆಯೇ ಸಿಕ್ಕಬೇಕು. ನಾನು ಕೇಳುವುದು ಅದಕ್ಕಿಂತ ಚಿಕ್ಕದು: ಬಂದೂಕು ಹಿಡಿದುದಕ್ಕಾಗಿ ಅವನ ಓದು ಕೆಡಬಾರದು.

ಇದನ್ನು ಹೇಳಲು ಕಾರಣವಿದೆ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ನಾನೂ ಕೆಡೆಟ್ ಆಗಿದ್ದೆ. ನನ್ನ ಪಕ್ಕದ ಸಾಲಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನವನೊಬ್ಬನಿದ್ದ. ಚೆಂಡುಹೂವಿನ ಹೊಲದ ಕೂಲಿಯಿಂದ ಓದಲು ಬಂದವನು. ಕವಾಯತಿನಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿದ್ದ. ಗಣರಾಜ್ಯೋತ್ಸವದ ಆಯ್ಕೆಗೆಂದು ಒಂದರ ಮೇಲೊಂದು ಶಿಬಿರಕ್ಕೆ ಹೋದ. ದೆಹಲಿಯವರೆಗೆ ಹೋಗಲಾಗಲಿಲ್ಲ, ಕೊನೆಯ ಸುತ್ತಿನಲ್ಲಿ ಬಿಟ್ಟುಹೋಯಿತು. ಮರಳಿ ಬಂದಾಗ ಹಾಜರಿ ಸಾಲದೆಂದು ಸೂಚನಾಫಲಕದಲ್ಲಿ ಅವನ ಹೆಸರಿತ್ತು. ಶಿಬಿರದ ದಿನಗಳನ್ನು ಹಾಜರಿಗೆ ಸೇರಿಸಬಹುದೆಂದು ನಿಯಮವಿತ್ತು. ಶಿಬಿರದ ಕಾಗದ ಸಕಾಲಕ್ಕೆ ಆ ಮೇಜಿನಿಂದ ಈ ಮೇಜಿಗೆ ಬಂದಿರಲಿಲ್ಲ. ಆ ವರ್ಷ ಪರೀಕ್ಷೆಗೆ ಕೂರಲಾಗಲಿಲ್ಲ. ವರ್ಷ ಹೋದ ಮೇಲೆ ವಿದ್ಯಾರ್ಥಿವೇತನವೂ ನಿಂತಿತು. ಸಮವಸ್ತ್ರವನ್ನು ಒಗೆದು, ಮಡಿಕೆ ಮುರಿಯದಂತೆ ಇಸ್ತ್ರಿ ಮಾಡಿಸಿ, ಸ್ಟೋರಿಗೆ ಒಪ್ಪಿಸಿ, ಊರಿಗೆ ಹೋದ. ಇಸ್ತ್ರಿಯ ಕಾಸು ನನ್ನಿಂದ ಸಾಲ ತೆಗೆದುಕೊಂಡಿದ್ದ. ಮುಂದಿನ ಜಾತ್ರೆಯಲ್ಲಿ ಸಿಕ್ಕಾಗ ಮರೆಯದೆ ತೀರಿಸಿದ. ಓದಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಯೂರಶರ್ಮನ ಓದು ನಿಂತಿತು. ಅವನಿಗೆ ರಾಜ್ಯ ಸಿಕ್ಕಿತು. ನನ್ನ ಗೆಳೆಯನ ಓದು ನಿಂತಿತು. ಅವನಿಗೆ ಸಿಕ್ಕಿದ್ದು ಚೆಂಡುಹೂವಿನ ಹೊಲ.

ಈಗ ಕಾಲ ಸ್ವಲ್ಪ ಬದಲಾಗಿದೆ. 2021ರಲ್ಲಿ ಯು.ಜಿ.ಸಿ.ಯು ಎನ್.ಸಿ.ಸಿ.ಯನ್ನು ಐಚ್ಛಿಕ ವಿಷಯವಾಗಿ ಓದಿ ಪದವಿಗೆ ಕ್ರೆಡಿಟ್ ಪಡೆಯಬಹುದೆಂದು ಒಪ್ಪಿತು. ಮೈದಾನದಲ್ಲಿ ಕಳೆದ ಗಂಟೆಯೂ ಓದಿನ ಗಂಟೆಯೆಂದು ಒಪ್ಪಿದಂತಾಯಿತು. ಒಪ್ಪಿಗೆ ಕಾಗದದಲ್ಲಿದ್ದರೆ ಸಾಲದು; ಕಾಲೇಜಿನ ಹಾಜರಿ ಪುಸ್ತಕಕ್ಕೆ ಇಳಿಯಬೇಕು. ಪ್ರಾದೇಶಿಕ ಸೇನೆಯ ನೌಕರನಿಗೆ ಅವನ ಕುರ್ಚಿ ಕಾದಿರುವಂತೆ, ಶಿಬಿರಕ್ಕೆ ಹೋದ ವಿದ್ಯಾರ್ಥಿಗೆ ಅವನ ಬೆಂಚು ಕಾದಿರಬೇಕು. ತಪ್ಪಿದ ಪಾಠವನ್ನು ಯಾರಾದರೂ ಮತ್ತೆ ಹೇಳಬೇಕು. ವಿದ್ಯಾರ್ಥಿವೇತನದ ಗುಮಾಸ್ತರು ಶಿಬಿರದ ಪತ್ರವನ್ನು ಹುಡುಗನಿಂದ ಕೇಳುವ ಬದಲು ತಾವೇ ತರಿಸಿಕೊಳ್ಳಬೇಕು. ಇದಕ್ಕೆ ಹೆಚ್ಚಿನ ಹಣ ಬೇಡ. ಪೂರ್ಣಯ್ಯನವರ ಕಾಲದ ಶಾನುಭೋಗನೂ ಕಂದಾಚಾರದವನ ಹೊಲದ ಲೆಕ್ಕ ಇಟ್ಟಿದ್ದನಷ್ಟೆ. ನಾವು ಕೆಡೆಟ್ಟಿನ ಹಾಜರಿಯ ಲೆಕ್ಕ ಇಡಲಾರೆವೇ?

ಬಾಗಿಲ ಬಳಿ ನಿಂತಿದ್ದ ಹುಡುಗನಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ‘ಸ್ವಲ್ಪ ಸಂಬಳ, ಸ್ವಲ್ಪ ಭೂಮಿ ಕೊಡುತ್ತಿದ್ದರಪ್ಪಾ’ ಎಂದೆ.

‘ಭೂಮಿಯಾ!’ ಎಂದು ಕಣ್ಣರಳಿಸಿದ. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು, ‘ನಮಗೆ ಅದೆಲ್ಲ ಬ್ಯಾಡ ಸಾ. ಬರೋ ತಿಂಗಳು ಹತ್ತು ದಿನ ಕ್ಯಾಂಪು ಅದ. ಅಟೆಂಡೆನ್ಸ್ ಹೋಯ್ತದಾ?’ ಎಂದ.

ಕಾಗದವನ್ನು ತೆಗೆದುಕೊಂಡು ನಾನೇ ಕಚೇರಿಗೆ ಹೋದೆ.